ವಿಲ್ಟ್ ಚೇಂಬರ್ಲೇನ್: ಒಂದು ಮುಗಿಯದ ವಾದ

ಶ್ರೇಷ್ಠರು ಯಾರು ಎಂಬ ವಾದ ನಮಗೆ ಹೊಸದಲ್ಲ. ಪಂಪನೋ ಕುಮಾರವ್ಯಾಸನೋ ಎಂದು ರಾತ್ರಿಯೆಲ್ಲ ಜಗಳವಾಡಿ, ಬೆಳಗಾಗುವ ಹೊತ್ತಿಗೆ ಇಬ್ಬರನ್ನೂ ಇನ್ನೊಮ್ಮೆ ಓದಬೇಕೆಂಬ ಆಸೆಯಿಂದ ಎದ್ದುಹೋದವರನ್ನು ನಾನು ಕಂಡಿದ್ದೇನೆ. ಅಂಥ ವಾದದಿಂದ ತೀರ್ಪು ಹೊರಡುವುದಿಲ್ಲ. ಆದರೆ ವಾದಿಸುವವರು ಯಾವುದನ್ನು ದೊಡ್ಡದೆಂದು ನಂಬಿದ್ದಾರೆ ಎಂಬುದು ಹೊರಬೀಳುತ್ತದೆ. ಆ ಮಟ್ಟಿಗೆ ಅದು ವ್ಯರ್ಥವಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಕಣದ ಪಕ್ಕದಲ್ಲಿ ಇಂಥದೇ ಒಂದು ವಾದ ನಡೆದಿತ್ತು. ಅಮೆರಿಕದ ವೃತ್ತಿಪರ ಆಟಗಾರರಲ್ಲಿ ಎಲ್ಲ ಕಾಲಕ್ಕೂ ಸಲ್ಲುವವನು ಯಾರು? ಒಬ್ಬ ಹುಡುಗ ಮೈಕೆಲ್ ಜೋರ್ಡಾನನ ಪಕ್ಷ, ಇನ್ನೊಬ್ಬ ಲೆಬ್ರಾನ್ ಜೇಮ್ಸನ ಪಕ್ಷ. ಮೂರನೆಯವನು, ಚೆಂಡನ್ನು ನಡೆಸಿಕೊಂಡು ಬರುವ ಗಾರ್ಡನ್ನೂ ರಿಂಗಿನ ಕೆಳಗೆ ನಿಲ್ಲುವ ಸೆಂಟರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹಾಡುಗಾರನನ್ನೂ ಮೃದಂಗದವನನ್ನೂ ಹೋಲಿಸಿದಂತೆ ಎಂದು ಆಕ್ಷೇಪಿಸಿದ. ನನ್ನನ್ನು ಕೇಳಿದರು. ನಾನು ತಡಮಾಡದೆ ಬಿಲ್ ರಸೆಲ್‌ನ ಹೆಸರು ಹೇಳಿದೆ. 13 ವರ್ಷ ಆಡಿ 11 ಬಾರಿ ಚಾಂಪಿಯನ್ ಆದವನ ಮುಂದೆ ಬೇರೆ ಮಾತೇಕೆ? ಹಾಗಾದರೆ ಒಂದೇ ಪಂದ್ಯದಲ್ಲಿ ನೂರು ಅಂಕ ಗಳಿಸಿದವನ ಗತಿಯೇನು ಎಂದು ಹಿಂದಿನಿಂದ ಒಬ್ಬ ಕೇಳಿದ. ಅಂಕ ಬೇರೆ, ಗೆಲುವು ಬೇರೆ ಎಂದು ಹೇಳಿ ನಾನು ಎದ್ದೆ. ಮೇಷ್ಟರ ಬಾಯಿಗೆ ಒಪ್ಪುವ ಮಾತಾಗಿತ್ತು; ಹುಡುಗರೂ ಒಪ್ಪಿಕೊಂಡರು. ಆಮೇಲೆ ಆ ನೂರು ಅಂಕದವನ ಬಾಳನ್ನು ಓದುತ್ತ ಹೋದಂತೆ, ನಾನು ಆಡಿದ್ದು ಎಷ್ಟು ಅರ್ಧಂಬರ್ಧ ಮಾತು ಎಂದು ನನಗೆ ನಾಚಿಕೆಯಾಯಿತು. ಈ ಲೇಖನ ಆ ಹುಡುಗನಿಗೆ ತಡವಾಗಿ ಕೊಡುತ್ತಿರುವ ಉತ್ತರ.

ವಿಲ್ಟನ್ ನಾರ್ಮನ್ ಚೇಂಬರ್ಲೇನ್ ಹುಟ್ಟಿದ್ದು 1936ರ ಆಗಸ್ಟ್ 21ರಂದು, ಫಿಲಡೆಲ್ಫಿಯ ನಗರದಲ್ಲಿ. ಒಂಬತ್ತು ಮಕ್ಕಳಿದ್ದ ನೀಗ್ರೋ ಜನಾಂಗದ ಮನೆ. ತಂದೆ ಕೈಕಸುಬಿನ ದುಡಿಮೆಗಾರ, ತಾಯಿ ಇತರರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದವಳು. ಎಳೆಯ ವಯಸ್ಸಿನಲ್ಲಿ ನ್ಯುಮೋನಿಯ ತಗುಲಿ ಹುಡುಗ ಶಾಲೆಯ ಒಂದು ವರ್ಷವನ್ನೇ ಕಳೆದುಕೊಂಡ. ಅಂಥವನು ಬೆಳೆದು ನಿಂತಾಗ ಎತ್ತರ 7 ಅಡಿ 1 ಅಂಗುಲ. ಮೊದಲು ಅವನ ಮನಸ್ಸು ಸೆಳೆದದ್ದು ಓಟ, ಎತ್ತರ ಜಿಗಿತ, ಗುಂಡು ಎಸೆತ. ಆದರೆ ಅಷ್ಟು ಎತ್ತರದ ಹುಡುಗನನ್ನು ಫಿಲಡೆಲ್ಫಿಯ ಬ್ಯಾಸ್ಕೆಟ್‌ಬಾಲಿನಿಂದ ದೂರ ಉಳಿಯಗೊಡುವುದು ಸಾಧ್ಯವಿರಲಿಲ್ಲ. ಪತ್ರಿಕೆಗಳು ಅವನಿಗೆ ಮರಗಾಲಿನವನೆಂಬ ಅರ್ಥದ ಅಡ್ಡಹೆಸರಿಟ್ಟವು. ಅದು ಅವನಿಗೆ ಕೊನೆಯವರೆಗೂ ಹಿಡಿಸಲಿಲ್ಲ. ಬಾಗಿಲು ದಾಟುವಾಗ ತಲೆ ತಗ್ಗಿಸುವವನೆಂದು ಗೆಳೆಯರು ಕರೆದ ‘ಡಿಪ್ಪರ್’ ಎಂಬ ಹೆಸರು ಹಿಡಿಸಿತು. ಜನ ತನ್ನನ್ನು ಒಂದು ವಿಚಿತ್ರವೆಂದು ನೋಡುತ್ತಾರೆ ಎಂಬ ಅಳುಕು ಅವನಲ್ಲಿ ಅಂದಿನಿಂದಲೇ ಇತ್ತು. ಈ ಅಳುಕನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಬರುತ್ತದೆ.

1955ರಲ್ಲಿ ಆತ ಕ್ಯಾನ್ಸಸ್ ವಿಶ್ವವಿದ್ಯಾನಿಲಯವನ್ನು ಸೇರಿದ. 1891ರಲ್ಲಿ ಈ ಆಟವನ್ನು ಕಲ್ಪಿಸಿದ ಜೇಮ್ಸ್ ನೈಸ್ಮಿತ್ ಬಹುಕಾಲ ಅಧ್ಯಾಪಕನಾಗಿದ್ದುದು ಅಲ್ಲಿಯೇ. ಅವನ ಶಿಷ್ಯ ಫಾಗ್ ಆಲೆನ್ ಚೇಂಬರ್ಲೇನನನ್ನು ಅಲ್ಲಿಗೆ ಕರೆತಂದವನು. ಮೊದಲ ವರ್ಷದವರು ವಿಶ್ವವಿದ್ಯಾನಿಲಯದ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲವಾದ್ದರಿಂದ 1956ರ ಡಿಸೆಂಬರಿನವರೆಗೆ ಕಾಯಬೇಕಾಯಿತು. ಮೊದಲ ಪಂದ್ಯದಲ್ಲಿಯೇ 52 ಅಂಕ, 31 ರಿಬೌಂಡು. ಗುರಿ ತಪ್ಪಿ ರಿಂಗಿಗೋ ಹಲಗೆಗೋ ತಾಗಿ ಹಿಂದಿರುಗುವ ಚೆಂಡನ್ನು ವಶಪಡಿಸಿಕೊಳ್ಳುವುದಕ್ಕೆ ರಿಬೌಂಡು ಎನ್ನುತ್ತಾರೆ. ಆದರೆ ಅಷ್ಟೊತ್ತಿಗೆ ಆಲೆನ್ ಎಪ್ಪತ್ತರ ನಿಯಮದಂತೆ ನಿವೃತ್ತನಾಗಿದ್ದ. ತನ್ನ ಶಿಷ್ಯನ ಆಟವನ್ನು ಹೊರಗೆ ಕುಳಿತು ನೋಡಬೇಕಾಯಿತು.

1957ರ ವಸಂತದಲ್ಲಿ ಕ್ಯಾನ್ಸಸ್ ತಂಡ ರಾಷ್ಟ್ರೀಯ ಅಂತಿಮ ಪಂದ್ಯವನ್ನು ಮುಟ್ಟಿತು. ಎದುರಾಳಿ, ಆ ವರ್ಷ ಒಂದೂ ಪಂದ್ಯ ಸೋಲದ ನಾರ್ತ್ ಕ್ಯಾರೊಲಿನ. ಅದರ ತರಬೇತುದಾರ ಫ್ರಾಂಕ್ ಮಗ್ವಾಯರ್ ಆರಂಭದ ಜಿಗಿತಕ್ಕೆ ಚೇಂಬರ್ಲೇನನ ಎದುರು ತನ್ನ ತಂಡದ ಕುಳ್ಳನನ್ನೇ ನಿಲ್ಲಿಸಿದ. ಆಮೇಲೆ ಮೂವರು ಆಟಗಾರರು ಅವನನ್ನು ಸುತ್ತುವರಿದರು. ಮೂರು ಬಾರಿ ಹೆಚ್ಚುವರಿ ಕಾಲ ಆಡಿಸಬೇಕಾಗಿ ಬಂದ ಆ ಪಂದ್ಯವನ್ನು ಕ್ಯಾನ್ಸಸ್ 54–53ರಲ್ಲಿ, ಒಂದೇ ಒಂದು ಅಂಕದಿಂದ ಸೋತಿತು. ಪಂದ್ಯಾವಳಿಯ ಉತ್ತಮ ಆಟಗಾರನೆಂಬ ಗೌರವ ಚೇಂಬರ್ಲೇನನಿಗೇ ಸಂದಿತು. ಆದರೆ ಅಂದು ಅಂಟಿಕೊಂಡ ಸೋಲಿನ ಕಳಂಕ ಅವನ ಮನಸ್ಸಿನಿಂದ 40 ವರ್ಷ ಅಳಿಯಲಿಲ್ಲ.

ಪದವಿ ಮುಗಿಸದೆಯೇ ಹೊರಬಂದ ಅವನನ್ನು ಅಂದಿನ ನಿಯಮದಂತೆ ವೃತ್ತಿಪರ ಸಂಘ ಒಂದು ವರ್ಷ ಸೇರಿಸಿಕೊಳ್ಳುವಂತಿರಲಿಲ್ಲ. ಆ ವರ್ಷ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ವಿನೋದ ತಂಡದೊಡನೆ ದೇಶ ಸುತ್ತಿದ. 1959ರಲ್ಲಿ ಆ ತಂಡ ಮಾಸ್ಕೋಗೂ ಹೋಗಿ ಆಡಿತು. ಅದೇ ವರ್ಷ ಎನ್.ಬಿ.ಎ.ಗೆ, ತನ್ನೂರಿನ ಫಿಲಡೆಲ್ಫಿಯ ವಾರಿಯರ್ಸ್ ತಂಡಕ್ಕೆ ಬಂದ. ಮೊದಲ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 37.6 ಅಂಕ, 27 ರಿಬೌಂಡು. ಹೊಸಬರಲ್ಲಿ ಉತ್ತಮನೆಂಬ ಪ್ರಶಸ್ತಿಯೂ ಎಲ್ಲರಲ್ಲಿ ಉತ್ತಮನೆಂಬ ಪ್ರಶಸ್ತಿಯೂ ಒಟ್ಟಿಗೆ ಅವನ ಕೈಸೇರಿದವು.

ಅವನಿಗೆ ಎದುರಾಗಿ ಬಾಸ್ಟನ್ ಸೆಲ್ಟಿಕ್ಸ್ ತಂಡದಲ್ಲಿ ಬಿಲ್ ರಸೆಲ್ ನಿಂತಿದ್ದ. ಎತ್ತರದಲ್ಲಿ ಕಡಿಮೆ, ಅಂಕ ಗಳಿಕೆಯಲ್ಲಿ ತೀರ ಕಡಿಮೆ. ಆದರೆ ಎದುರಾಳಿ ಎಸೆಯುವ ಮೊದಲೇ ಅವನ ಮನಸ್ಸನ್ನು ಓದಬಲ್ಲವನು. ಹತ್ತು ವರ್ಷಗಳಲ್ಲಿ ಇವರಿಬ್ಬರು 140ಕ್ಕೂ ಹೆಚ್ಚು ಬಾರಿ ಮುಖಾಮುಖಿಯಾದರು. ಅಂಕಗಳಲ್ಲಿಯೂ ರಿಬೌಂಡುಗಳಲ್ಲಿಯೂ ಚೇಂಬರ್ಲೇನನೇ ಮುಂದು. 1960ರ ನವೆಂಬರ್ 24ರಂದು ರಸೆಲ್‌ನ ಎದುರಿನಲ್ಲಿಯೇ ಒಂದೇ ಪಂದ್ಯದಲ್ಲಿ 55 ರಿಬೌಂಡು ಹಿಡಿದ. ಆ ದಾಖಲೆ ಇಂದಿಗೂ ಮುರಿದಿಲ್ಲ. ಆದರೆ ಆ ಪಂದ್ಯವನ್ನು ಗೆದ್ದದ್ದು ಬಾಸ್ಟನ್. ಋತುವಿನ ಕೊನೆಯ ನಿರ್ಣಾಯಕ ಸರಣಿಗಳಲ್ಲಿ ಎಂಟು ಬಾರಿ ಎದುರಾದಾಗ ಏಳು ಬಾರಿ ಗೆದ್ದದ್ದೂ ರಸೆಲ್‌ನ ತಂಡವೇ. ನನ್ನ ಅಂದಿನ ತೀರ್ಪು ನಿಂತಿದ್ದು ಈ ಒಂದು ಲೆಕ್ಕದ ಮೇಲೆ.

ಈಗ 1961–62ರ ಋತುವಿಗೆ ಬರೋಣ. ನಾರ್ತ್ ಕ್ಯಾರೊಲಿನಾದಲ್ಲಿದ್ದು ಅವನನ್ನು ಸೋಲಿಸಿದ ಮಗ್ವಾಯರನೇ ಈಗ ವಾರಿಯರ್ಸ್ ತಂಡದ ತರಬೇತುದಾರನಾಗಿದ್ದ. ಆತ ಇಡೀ ಆಟವನ್ನು ಚೇಂಬರ್ಲೇನನ ಸುತ್ತ ಕಟ್ಟಿದ. ಪಂದ್ಯದ ಅವಧಿ 48 ನಿಮಿಷ. ಆ ವರ್ಷ ಚೇಂಬರ್ಲೇನ್ ಆಡಿದ ಸರಾಸರಿ ಕಾಲ 48.5 ನಿಮಿಷ. ಹೆಚ್ಚುವರಿ ಕಾಲ ಸೇರಿದ್ದರಿಂದ ಈ ವಿಚಿತ್ರ ಲೆಕ್ಕ. ಸರಾಸರಿ ಅಂಕ 50.4. 1962ರ ಮಾರ್ಚ್ 2ರ ರಾತ್ರಿ, ಚಾಕೊಲೇಟಿಗೆ ಹೆಸರಾದ ಹರ್ಷಿ ಎಂಬ ಊರಿನಲ್ಲಿ, 4,124 ಮಂದಿ ಪ್ರೇಕ್ಷಕರ ಮುಂದೆ, ನ್ಯೂಯಾರ್ಕ್ ತಂಡದ ವಿರುದ್ಧ ಆತ ನೂರು ಅಂಕ ಗಳಿಸಿದ. ನಾಲ್ಕು ಭಾಗಗಳಲ್ಲಿ ಕ್ರಮವಾಗಿ 23, 18, 28, 31. ದೂರದರ್ಶನದವರು ಅಂದು ಅಲ್ಲಿರಲಿಲ್ಲ. ಉಳಿದಿರುವುದು ಕೊನೆಯ ಭಾಗದ ಬಾನುಲಿ ವರದಿ, ಮತ್ತು ಒಂದು ಕಾಗದದ ಮೇಲೆ 100 ಎಂದು ಬರೆದು ಹಿಡಿದುಕೊಂಡ ಚಿತ್ರ. ಪಂದ್ಯದ ಕೊನೆ ಆಟವಾಗಿ ಉಳಿದಿರಲಿಲ್ಲ ಎಂಬುದನ್ನೂ ಹೇಳಬೇಕು. ಜೊತೆಗಾರರು ಚೆಂಡನ್ನೆಲ್ಲ ಅವನಿಗೇ ಕೊಡುತ್ತಿದ್ದರು. ಅವನ ಕೈಗೆ ಚೆಂಡು ಹೋಗದಂತೆ ನ್ಯೂಯಾರ್ಕಿನವರು ಉಳಿದವರ ಮೇಲೆ ಬೇಕೆಂದೇ ಫೌಲ್ ಮಾಡುತ್ತಿದ್ದರು. ನಗೆಗೀಡಾಗಲು ಯಾರಿಗೆ ಮನಸ್ಸು?

ಆ ವರ್ಷ ವಾದ ಹೇಗೆ ಎರಡಾಗಿ ಸೀಳಿತು ನೋಡಿ. ಋತುವಿನ ಶ್ರೇಷ್ಠ ಆಟಗಾರನ ಆಯ್ಕೆ ಆಗ ಆಟಗಾರರ ಮತದಿಂದಲೇ ನಡೆಯುತ್ತಿತ್ತು. ಅವರು ಆರಿಸಿದ್ದು ರಸೆಲ್‌ನನ್ನು. ಸ್ಥಾನವಾರು ಐದು ಮಂದಿಯ ಉತ್ತಮ ತಂಡವನ್ನು ಆರಿಸುತ್ತಿದ್ದವರು ಪತ್ರಿಕೆಯವರು. ಅವರು ಸೆಂಟರ್ ಸ್ಥಾನಕ್ಕೆ ಆರಿಸಿದ್ದು ಚೇಂಬರ್ಲೇನನನ್ನು. ಅದೇ ಋತುವಿನಲ್ಲಿ ಗಾರ್ಡ್ ಸ್ಥಾನದ ಆಸ್ಕರ್ ರಾಬರ್ಟ್‌ಸನ್ ಅಂಕ, ರಿಬೌಂಡು, ಜೊತೆಗಾರರಿಗೆ ಕೊಟ್ಟ ಪಾಸು ಈ ಮೂರರಲ್ಲಿಯೂ ಹತ್ತಕ್ಕೆ ಮೀರಿದ ಸರಾಸರಿ ತೋರಿಸಿದ್ದ. ಒಂದೇ ವರ್ಷ, ಒಂಬತ್ತೇ ತಂಡ. ಎಲ್ಲರೂ ಎಲ್ಲರನ್ನೂ ಕಣ್ಣಾರೆ ಕಂಡವರು. ಅವರಿಗೇ ಬಗೆಹರಿಯದ ಪ್ರಶ್ನೆಯನ್ನು ಅರವತ್ತು ವರ್ಷ ಕಳೆದ ಮೇಲೆ ನಾನು ಒಂದು ವಾಕ್ಯದಲ್ಲಿ ಬಗೆಹರಿಸಿ ಎದ್ದುಬಂದಿದ್ದೆ!

ಕಾಲಗಳ ನಡುವೆ ಹೋಲಿಸುವವರಿಗೆ ಇನ್ನೂ ಒಂದು ತೊಡಕಿದೆ. ಆಗಿನ ಆಟದ ವೇಗ ಹೆಚ್ಚು. ಎಸೆತಗಳು ಹೆಚ್ಚು, ಆದ್ದರಿಂದ ಅಂಕಗಳೂ ರಿಬೌಂಡುಗಳೂ ಹೆಚ್ಚು. ಇದು ಚೇಂಬರ್ಲೇನನ ಲೆಕ್ಕದಿಂದ ಕಳೆಯಬೇಕಾದದ್ದು. ಕೂಡಿಸಬೇಕಾದದ್ದೂ ಉಂಟು. ಎದುರಾಳಿಯ ಎಸೆತವನ್ನು ಗಾಳಿಯಲ್ಲಿ ತಡೆಯುವ ಬ್ಲಾಕುಗಳನ್ನು ಅಧಿಕೃತವಾಗಿ ಎಣಿಸತೊಡಗಿದ್ದು 1973–74ರಲ್ಲಿ. ಚೇಂಬರ್ಲೇನ್ ಆಟ ಬಿಟ್ಟದ್ದು 1973ರಲ್ಲಿ, ರಸೆಲ್ 1969ರಲ್ಲಿ. ಅವರಿಬ್ಬರ ಅತಿ ದೊಡ್ಡ ವಿದ್ಯೆಯೇ ಲೆಕ್ಕದ ಪುಸ್ತಕದಲ್ಲಿಲ್ಲ. ಹಿಂದೆ ಜಾರ್ಜ್ ಮೈಕನ್ ಎಂಬ ದೈತ್ಯನಿಗಾಗಿ ರಿಂಗಿನ ಕೆಳಗಿನ ಪಟ್ಟಿಯನ್ನು 1951ರಲ್ಲಿ 6 ಅಡಿಯಿಂದ 12 ಅಡಿಗೆ ಅಗಲಿಸಿದ್ದರು. ಚೇಂಬರ್ಲೇನನನ್ನು ರಿಂಗಿನಿಂದ ದೂರವಿಡಲು 1964ರಲ್ಲಿ ಅದನ್ನು 16 ಅಡಿ ಮಾಡಿದರು. ಮನುಷ್ಯನನ್ನು ಅಳೆಯಹೊರಟ ಕೋಲನ್ನು ಮನುಷ್ಯನೇ ಬದಲಾಯಿಸಿಬಿಟ್ಟರೆ ಅಳೆಯುವುದು ಹೇಗೆ?

ಇಷ್ಟೆಲ್ಲ ಅಂಕಿಗಳ ನಡುವೆ ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಹರ್ಷಿಯ ಇನ್ನೊಂದು ಅಂಕಿ. ಫೌಲ್ ಆದಾಗ ಗೆರೆಯ ಹಿಂದೆ ನಿಂತು, ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಫ್ರೀ ಥ್ರೋ ಚೇಂಬರ್ಲೇನನ ಜೀವಮಾನದ ದೌರ್ಬಲ್ಯ. ಎರಡು ಎಸೆದರೆ ಒಂದು ಬೀಳುವುದು ಅವನ ಸರಾಸರಿ. ಆ ರಾತ್ರಿ ಮಾತ್ರ 32ರಲ್ಲಿ 28 ಬಿದ್ದವು. ಕಾರಣವಿತ್ತು. ಆ ವರ್ಷ ಆತ ಎಸೆತದ ಬಗೆಯನ್ನು ಬದಲಾಯಿಸಿದ್ದ. ಎಲ್ಲರಂತೆ ತಲೆಯ ಮೇಲಿಂದ ಎಸೆಯದೆ, ಮೊಣಕಾಲು ಬಗ್ಗಿಸಿ, ಎರಡು ಕೈಗಳಿಂದ ಚೆಂಡನ್ನು ಕೆಳಗಿನಿಂದ ಮೇಲಕ್ಕೆ ತೂರುತ್ತಿದ್ದ. ಅಜ್ಜಿಯ ಎಸೆತವೆಂದು ಜನ ಅಣಕಿಸುವ ಬಗೆ ಅದು. ಆ ಋತುವಿನಲ್ಲಿ ಅವನ ಫ್ರೀ ಥ್ರೋ ನೂರಕ್ಕೆ 61ಕ್ಕೆ ಏರಿತು. ಅವನ ಬಾಳಿನಲ್ಲಿಯೇ ಅದು ಅತಿ ಹೆಚ್ಚು. ಆದರೂ ಮುಂದೆ ಆ ಎಸೆತವನ್ನು ಬಿಟ್ಟುಬಿಟ್ಟ. 1967–68ರ ವೇಳೆಗೆ ನೂರಕ್ಕೆ 38ಕ್ಕೆ ಇಳಿದಿದ್ದ. ಹಾಗೆ ಎಸೆಯುವಾಗ ತಾನು ಹೆಂಗಸಿನಂತೆ ಕಾಣುತ್ತೇನೆಂಬ ನಾಚಿಕೆಯಿಂದ ಬಿಟ್ಟದ್ದೆಂದು, ಅದು ತಪ್ಪೆಂದು ತಿಳಿದೂ ಬಿಟ್ಟದ್ದೆಂದು ಆತ್ಮಕಥೆಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕುಳಿತೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಮಣ್ಣಿನ ಅಂಕಣದಲ್ಲಿ ಕೆಳಗಿನಿಂದಲೇ ಎಸೆಯುತ್ತಿದ್ದೆ. ಬಡಕಲು ಕೈಗೆ ಅದು ಸುಲಭವಾಗಿತ್ತು. ಚೆಂಡು ಬೀಳುತ್ತಲೂ ಇತ್ತು. ಗೋಡೆಯ ಮೇಲೆ ಕುಳಿತಿದ್ದವರು ಒಂದು ಸಂಜೆ ನಕ್ಕರು. ಮರುದಿನದಿಂದ ನಾನು ಎಲ್ಲರಂತೆ ಎಸೆಯತೊಡಗಿದೆ. ಆ ವರ್ಷವೇ ತಂಡದಿಂದ ಹೊರಬಿದ್ದೆ. ನನ್ನಂಥವನ ಮಾತು ಹಾಗಿರಲಿ. ಮೂವರು ಒಟ್ಟಿಗೆ ಮೈಮೇಲೆ ಬಿದ್ದರೂ ಅಲುಗದ, ಎದುರಾಳಿಗಳಿಗೆ ಸ್ವಪ್ನದಲ್ಲಿಯೂ ಬರುತ್ತಿದ್ದ ಆ ದೈತ್ಯ, ನಗುವಿಗೆ ಹೆದರಿದ! ರಿಕ್ ಬ್ಯಾರಿ ಎಂಬ ಆಟಗಾರ ಅದೇ ಕೆಳಗಿನ ಎಸೆತವನ್ನು ಬಾಳೆಲ್ಲ ಬಿಡದೆ, ನೂರಕ್ಕೆ ಸುಮಾರು 90ರಂತೆ ಬೀಳಿಸಿದ. ಶ್ರೇಷ್ಠರನ್ನು ತೂಗುವವರು ಕೈಬಲವನ್ನೂ ಎತ್ತರವನ್ನೂ ತೂಗುತ್ತಾರೆ. ನಗುವನ್ನು ತಾಳಿಕೊಳ್ಳುವ ಬಲವನ್ನು ಯಾರು ತೂಗುತ್ತಾರೆ?

ಹಾಗೆಂದು ಚೇಂಬರ್ಲೇನ್ ಬದಲಾಗಲಾರದವನೆಂದು ತಿಳಿಯಬಾರದು. 1962ರ ನಿರ್ಣಾಯಕ ಪಂದ್ಯದಲ್ಲಿ ಬಾಸ್ಟನ್ನಿಗೆ ಎರಡು ಅಂಕದಿಂದ ಸೋಲು. ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. 1965ರಲ್ಲಿ ಅವನನ್ನು ಫಿಲಡೆಲ್ಫಿಯದ ಹೊಸ ತಂಡಕ್ಕೆ ಮಾರಿದರು. ಅದೇ ವರ್ಷ ಮತ್ತೆ ಬಾಸ್ಟನ್ನಿಗೆ ಒಂದು ಅಂಕದ ಸೋಲು. ಸ್ವಾರ್ಥಿ, ಅಂಕದಾಹಿ, ಗೆಲ್ಲಲಾರದವನು ಎಂಬ ಮಾತುಗಳು ಬೆಳೆದವು. ಆಗ ಅಲೆಕ್ಸ್ ಹ್ಯಾನಮ್ ಎಂಬ ತರಬೇತುದಾರನ ಮಾತಿಗೆ ಒಪ್ಪಿ, ಏಳು ವರ್ಷ ಸತತವಾಗಿ ಅಂಕಗಳಿಕೆಯಲ್ಲಿ ಮೊದಲಿಗನಾಗಿದ್ದವನು ತನ್ನ ಅಂಕಗಳನ್ನು ಬಹಳವಾಗಿ ಇಳಿಸಿಕೊಂಡ. ಸರಾಸರಿ 24 ಅಂಕ ಮಾತ್ರ; ಉಳಿದದ್ದು ಜೊತೆಗಾರರಿಗೆ ಪಾಸು. 1966–67ರಲ್ಲಿ ಫಿಲಡೆಲ್ಫಿಯ 68 ಪಂದ್ಯ ಗೆದ್ದು 13 ಮಾತ್ರ ಸೋತಿತು. ಎಂಟು ವರ್ಷ ಅಲುಗದ ಬಾಸ್ಟನ್ನಿನ ಸಿಂಹಾಸನವನ್ನು ಉರುಳಿಸಿ ಚಾಂಪಿಯನ್ ಆಯಿತು. ಮರುವರ್ಷ ಇಡೀ ಸಂಘದಲ್ಲಿ ಅತಿ ಹೆಚ್ಚು ಪಾಸುಗಳಿಂದ ಅಂಕ ಹುಟ್ಟಿಸಿದವನೂ ಅವನೇ. ಒಬ್ಬ ಸೆಂಟರ್ ಗಾರ್ಡುಗಳ ವಿದ್ಯೆಯಲ್ಲಿ ಮೊದಲಿಗನಾದ! ಸ್ಥಾನಗಳ ಗೆರೆ ಎಳೆದು ವಾದಿಸುವವರು ಇದನ್ನು ಯೋಚಿಸಬೇಕು.

ಆದರೆ 1968ರಲ್ಲಿ ಬಾಸ್ಟನ್ ಮತ್ತೆ ಗೆದ್ದಿತು. ಕೊನೆಯ ಪಂದ್ಯದ ಉತ್ತರಾರ್ಧದಲ್ಲಿ ಚೇಂಬರ್ಲೇನ್ ರಿಂಗಿನತ್ತ ಎಸೆದದ್ದು ಎರಡೇ ಬಾರಿ. ನಿನ್ನೆಯವರೆಗೆ ಹೆಚ್ಚು ಎಸೆಯುತ್ತಾನೆಂದು ದೂರಿದವರೇ ಏಕೆ ಎಸೆಯಲಿಲ್ಲವೆಂದು ದೂರಿದರು. ಮುಂದಿನ ಋತುವಿಗೆ ಆತ ಲಾಸ್ ಏಂಜಲೀಸ್ ಲೇಕರ್ಸ್ ತಂಡಕ್ಕೆ ಹೋದ. 1969ರ ಅಂತಿಮ ಸರಣಿಯ ಏಳನೆಯ ಪಂದ್ಯಕ್ಕೆ ತಂಡದ ಮಾಲೀಕ ವಿಜಯೋತ್ಸವದ ಬಲೂನುಗಳನ್ನು ಛಾವಣಿಗೆ ಮೊದಲೇ ಕಟ್ಟಿಸಿಟ್ಟಿದ್ದ. ಕೊನೆಯ ನಿಮಿಷಗಳಲ್ಲಿ ಮೊಣಕಾಲಿಗೆ ಪೆಟ್ಟಾಗಿ ಚೇಂಬರ್ಲೇನ್ ಹೊರಬಂದ. ಮತ್ತೆ ಆಡುತ್ತೇನೆಂದರೂ ತರಬೇತುದಾರ ಒಳಗೆ ಬಿಡಲಿಲ್ಲ. ಎರಡು ಅಂಕದ ಸೋಲು. ಬಲೂನುಗಳು ಛಾವಣಿಯಲ್ಲಿಯೇ ಉಳಿದವು. ಅದು ರಸೆಲ್‌ನ ಕೊನೆಯ ಪಂದ್ಯ.

ಆಮೇಲೆ ರಸೆಲ್, ಪೆಟ್ಟಾದರೂ ಅವನು ಹೊರಬರಬಾರದಿತ್ತೆಂಬ ಅರ್ಥದಲ್ಲಿ ಬಹಿರಂಗವಾಗಿ ಟೀಕಿಸಿದ. ಈ ಮಾತು ಚೇಂಬರ್ಲೇನನಿಗೆ ಎಲ್ಲ ಸೋಲುಗಳಿಗಿಂತ ಆಳವಾಗಿ ನಾಟಿತು. ಏಕೆಂದರೆ ಅವರು ವೈರಿಗಳಾಗಿರಲಿಲ್ಲ. ಬಾಸ್ಟನ್ ತಂಡ ಫಿಲಡೆಲ್ಫಿಯಕ್ಕೆ ಬಂದಾಗ ಹಬ್ಬದ ದಿನ ರಸೆಲ್ ಊಟ ಮಾಡುತ್ತಿದ್ದುದು ಚೇಂಬರ್ಲೇನನ ತಾಯಿಯ ಮನೆಯಲ್ಲಿ. ಚೇಂಬರ್ಲೇನ್ ವರ್ಷಕ್ಕೆ ಲಕ್ಷ ಡಾಲರಿನ ಒಪ್ಪಂದ ಪಡೆದನೆಂದು ತಿಳಿದು ರಸೆಲ್ ಒಂದು ಡಾಲರ್ ಹೆಚ್ಚಿಗೆ ಕೇಳಿ ಪಡೆದದ್ದೂ ಆ ಸಲಿಗೆಯ ಕಾಲದ್ದೇ. ಒಂದು ಮಾತಿನಿಂದ ಇಬ್ಬರ ನಡುವೆ ಎರಡು ದಶಕಗಳ ಮೌನ ಬೆಳೆಯಿತು.

1971–72ರಲ್ಲಿ ಲೇಕರ್ಸ್ ಸತತವಾಗಿ 33 ಪಂದ್ಯ ಗೆದ್ದಿತು. ತಂಡದ ತರಬೇತುದಾರ ಬಾಸ್ಟನ್ನಿನ ಹಳೆಯ ಆಟಗಾರ ಬಿಲ್ ಶಾರ್ಮನ್. 35ರ ಚೇಂಬರ್ಲೇನ್ ಈಗ ಅಂಕದ ಆಸೆ ಬಿಟ್ಟು, ರಸೆಲ್ ಆಡುತ್ತಿದ್ದಂತೆಯೇ ಆಡತೊಡಗಿದ್ದ: ತಡೆಯುವುದು, ಚೆಂಡು ಹಿಡಿದು ಮುಂದಕ್ಕೆ ಕೊಡುವುದು. ಕೈಗೆ ಪೆಟ್ಟಾಗಿದ್ದರೂ ಅಂತಿಮ ಪಂದ್ಯದಲ್ಲಿ 24 ಅಂಕ, 29 ರಿಬೌಂಡು ಗಳಿಸಿ ತನ್ನ ಎರಡನೆಯ ಚಾಂಪಿಯನ್ ಪದವಿ ಪಡೆದ. 1973ರಲ್ಲಿ ನಿವೃತ್ತನಾದಾಗ ಅವನ ಹೆಸರಿನಲ್ಲಿ 31,419 ಅಂಕ, 23,924 ರಿಬೌಂಡು ಇದ್ದವು. 1,045 ಪಂದ್ಯಗಳಲ್ಲಿ ಒಮ್ಮೆಯೂ ಫೌಲುಗಳು ಮಿತಿಮೀರಿ ಹೊರಬಿದ್ದಿರಲಿಲ್ಲ. ಅಂಕಗಳ ದಾಖಲೆಯನ್ನು 1984ರಲ್ಲಿ ಕರೀಮ್ ಅಬ್ದುಲ್ ಜಬ್ಬಾರ್ ಮುರಿದ. ರಿಬೌಂಡಿನದು ಹಾಗೆಯೇ ನಿಂತಿದೆ.

1998ರ ಜನವರಿಯಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯ ಅವನ ಅಂಗಿಯನ್ನು ಗೌರವಾರ್ಥವಾಗಿ ತೂಗುಹಾಕಲು ಕರೆಯಿತು. ಒಂದಂಕದ ಆ ಸೋಲಿಗಾಗಿ ಜನ ಇನ್ನೂ ತನ್ನನ್ನು ಹಳಿಯುತ್ತಾರೆಂಬ ಹೆದರಿಕೆಯಿಂದ ಬಹುಕಾಲ ಅತ್ತ ಸುಳಿಯದಿದ್ದವನು ಹೋದ. ವಿದ್ಯಾರ್ಥಿಯಾಗಿದ್ದಾಗಿನ ವಿಶ್ವವಿದ್ಯಾನಿಲಯದ ಜಾಕೀಟನ್ನು ತೊಟ್ಟು ಅಂಕಣದ ನಡುವೆ ನಿಂತ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಆ ಸದ್ದು ನಿಲ್ಲಲಿಲ್ಲ. ನಾಲ್ವತ್ತು ವರ್ಷ ತಾನು ಹೊತ್ತು ತಿರುಗಿದ ತೀರ್ಪನ್ನು ಬೇರೆ ಯಾರೂ ಕೊಟ್ಟೇ ಇರಲಿಲ್ಲವೆಂದು ಅವನಿಗೆ ಅಂದು ತಿಳಿದಿರಬೇಕು. ಮುಂದಿನ ವರ್ಷ, 1999ರ ಅಕ್ಟೋಬರ್ 12ರಂದು, ಲಾಸ್ ಏಂಜಲೀಸಿನಲ್ಲಿ ಹೃದಯ ನಿಂತು ತೀರಿಕೊಂಡ. ವಯಸ್ಸು 63. ಅಷ್ಟರೊಳಗೆ ರಸೆಲ್ ತನ್ನ ಮಾತಿಗೆ ಕ್ಷಮೆ ಕೇಳಿದ್ದ, ಸ್ನೇಹ ಮರಳಿತ್ತು. ಗೆಳೆಯ ಸತ್ತಾಗ ಅವನು ಆಡಿದ ಮಾತುಗಳಲ್ಲಿ ಗೆದ್ದವನ ಗರ್ವವಿರಲಿಲ್ಲ, ಕಳೆದುಕೊಂಡವನ ನೋವಿತ್ತು. 2022ರಲ್ಲಿ ರಸೆಲ್‌ನೂ ಹೋದ.

ಇಷ್ಟು ಬರೆದ ಮೇಲೂ, ಒಂದು ತಂಡ ಕಟ್ಟು ಎಂದರೆ ನಾನು ಮೊದಲು ಕರೆಯುವುದು ರಸೆಲ್‌ನನ್ನೇ. ಆ ಅಭಿಪ್ರಾಯ ಬದಲಾಗಿಲ್ಲ. ಬದಲಾದದ್ದು ಬೇರೆ. ಅಂಕ ಬೇರೆ, ಗೆಲುವು ಬೇರೆ ಎಂದು ನಾನು ಹೇಳಿದಾಗ, ಒಂದೆರಡು ಅಂಕಗಳ ಅಂತರದಲ್ಲಿ ಸೋತ ಒಬ್ಬ ಮನುಷ್ಯನ ಇಡೀ ಬಾಳನ್ನು ಸೋಲಿನ ಪಟ್ಟಿಯಲ್ಲಿ ಬರೆದುಬಿಟ್ಟಿದ್ದೆ. ತನ್ನ ಆಟವನ್ನು ಬೇರಿನಿಂದ ಎರಡು ಬಾರಿ ಬದಲಿಸಿಕೊಳ್ಳಬಲ್ಲವನಾಗಿದ್ದ ಆತ, ಒಂದು ಎಸೆತವನ್ನು ಮಾತ್ರ ಜನರ ನಗೆಗೆ ಒಪ್ಪಿಸಿದ. ಆ ನಗುವಿನಲ್ಲಿ ಗೋಡೆಯ ಮೇಲೆ ಕುಳಿತ ನಮ್ಮೆಲ್ಲರ ಪಾಲೂ ಇದೆ. ಆ ಸಂಜೆ ಹಿಂದಿನಿಂದ ಪ್ರಶ್ನೆ ಕೇಳಿದ ಹುಡುಗ ಈಗ ಎಲ್ಲಿದ್ದಾನೋ ನನಗೆ ತಿಳಿಯದು. ಈ ಪುಟ ಅವನ ಕಣ್ಣಿಗೆ ಬಿದ್ದರೆ, ತನ್ನ ಮೇಷ್ಟರು ವಾದದಲ್ಲಿ ಅರ್ಧ ಸೋತರೆಂದು ಅವನು ತಿಳಿದುಕೊಳ್ಳಲಿ.